ಅಜ್ಜನ ಮನೆಯ ಬಾಗಿಲು ಈಗ ಸಾಗರದಲ್ಲಿದೆ

ದೀಪಾವಳಿ ಮುಗಿದ ವಾರವೇ, 2025ರ ಅಕ್ಟೋಬರ್ 25ರ ಶನಿವಾರ ಬೆಳಿಗ್ಗೆ, ಶಿವಮೊಗ್ಗದ ನಮ್ಮ ಮನೆಗೆ ಬೀಗ ಹಾಕಿ ಐದು ಜನ ಕಾರು ಹತ್ತಿದೆವು. ನಾನು, ಯಜಮಾನರು, ಒಂಬತ್ತನೇ ತರಗತಿಯ ಮಗ, ನಾಲ್ಕನೇ ತರಗತಿಯ ಮಗಳು ಮತ್ತು ಎಪ್ಪತ್ತೆರಡರ ಅಮ್ಮ. ನಾಲ್ಕು ದಿನ, ಜಿಲ್ಲೆಯ ಗಡಿ ದಾಟುವುದಿಲ್ಲ ಎಂಬುದು ಒಪ್ಪಂದ. ಮಗನಿಗೆ ನವುಲೆಯ ಮೈದಾನದಲ್ಲಿ ನಡೆಯುತ್ತಿದ್ದ ರಣಜಿ ಪಂದ್ಯ ನೋಡಬೇಕಿತ್ತು, ಯಜಮಾನರಿಗೆ ಕೆಳದಿ ಅರಸರ ಊರುಗಳನ್ನು ಒಮ್ಮೆ ಸಾವಧಾನವಾಗಿ ನೋಡಬೇಕೆಂಬ ಹಳೆಯ ಆಸೆಯಿತ್ತು, ಅಮ್ಮನಿಗೆ ಮಾತ್ರ ಬೇರೇನೂ ಬೇಡವಾಗಿತ್ತು. ಮಂಡಿನೋವು ಹೆಚ್ಚುತ್ತಿರುವುದರಿಂದ ಇನ್ನು ಮುಂದೆ ಆಗುತ್ತದೋ ಇಲ್ಲವೋ, ಒಡಹುಟ್ಟಿದವರ ಮನೆಗಳಿಗೆಲ್ಲ ಒಂದೇ ಸುತ್ತಿನಲ್ಲಿ ಹೋಗಿ ಬರಬೇಕು ಎಂದಷ್ಟೇ ಹೇಳಿದರು. ಈ ಮೂರು ಆಸೆಗಳನ್ನು ಒಂದೇ ದಾರಿಗೆ ಹೊಂದಿಸುವುದು ಕಷ್ಟವಾಗಬಹುದೆಂದು ನಾನು ತಿಳಿದಿದ್ದೆ. ಕಷ್ಟವಾಗಲಿಲ್ಲ, ಏಕೆಂದರೆ ನಮ್ಮ ನೆಂಟರು ಜಿಲ್ಲೆಯ ತುಂಬ ಚದುರಿಹೋಗಿದ್ದಾರೆ. ಹಾಗೆ ಚದುರಿದ್ದಕ್ಕೆ ಕಾರಣವೂ ಒಂದೇ.

ಅಮ್ಮನ ತವರೂರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಆ ಕಣಿವೆಯ ಹತ್ತಾರು ಹಳ್ಳಿಗಳ ಜೊತೆ ಅದೂ ಮುಳುಗಿತು. ಅದಕ್ಕೂ ಎರಡು ವರ್ಷ ಮೊದಲೇ, ಅಮ್ಮನಿಗೆ ಒಂಬತ್ತು ವರ್ಷವಿದ್ದಾಗ, ಮನೆ ಖಾಲಿ ಮಾಡಿದ್ದರು. ಮಲೆನಾಡಿನ ಮನೆಯೆಂದರೆ ಮುಕ್ಕಾಲು ಪಾಲು ಮರ. ಗೋಡೆಯ ಮಣ್ಣನ್ನು ನೀರಿಗೆ ಬಿಟ್ಟು, ಕಂಬ, ತೊಲೆ, ಬಾಗಿಲು, ಹೆಂಚುಗಳನ್ನು ಬಿಚ್ಚಿ ಲಾರಿಗೆ ಹೇರಿದರಂತೆ. ಅಜ್ಜ ಮುಂದೆ ತೀರಿಹೋದ ಮೇಲೆ ಆ ಸಾಮಾನು ಮಕ್ಕಳ ನಡುವೆ ಹಂಚಿಕೆಯಾಯಿತು. ಬಾಲ್ಯದಿಂದ ಈ ಕಥೆಯನ್ನು ನೂರು ಸಲ ಕೇಳಿದ್ದ ನಾನು ಯಾವ ವಸ್ತು ಯಾರ ಮನೆಯಲ್ಲಿದೆ ಎಂದು ಒಂದು ದಿನವೂ ವಿಚಾರಿಸಿದವಳಲ್ಲ. ಈ ಸಲ ವಿಚಾರಿಸಿದ್ದು ಮಗಳು. ಪಯಣಕ್ಕೆಂದು ಕೊಂಡಿದ್ದ ಚೌಕಳಿ ಗೆರೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳು ದೊಡ್ಡದೊಂದು ಆಯತ ಬರೆದು, "ಅಜ್ಜಿ, ನಿಮ್ಮ ಮನೆ ಎಲ್ಲಿಂದ ಶುರುವಾಗ್ತಿತ್ತು?" ಎಂದು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಗಲಿಯಿಂದ" ಎಂದರು.

ನವುಲೆಯ ಮೈದಾನದಲ್ಲಿ ಕರ್ನಾಟಕಕ್ಕೂ ಗೋವಾಕ್ಕೂ ನಾಲ್ಕು ದಿನದ ಪಂದ್ಯ ಆ ದಿನವೇ ಶುರುವಾಗಿತ್ತು. ಟಿವಿಯಲ್ಲಿ ಚಿಕ್ಕದಾಗಿ ಕಾಣುವ ಆಟಗಾರರು ಬೇಲಿಯಾಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಚೆಂಡು ಹಿಡಿಯಲು ನಿಂತಿರುವುದನ್ನು ಕಂಡು ಮಗ ಮಾತು ಮರೆತುಬಿಟ್ಟ. ಚೆಂಡು ಬ್ಯಾಟಿನ ನಡುವಿಗೆ ತಗುಲಿದರೆ ಒಂದು ಸದ್ದು, ಅಂಚಿಗೆ ತಗುಲಿದರೆ ಇನ್ನೊಂದು. ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ ಎಂದು ಅವನು ತಂಗಿಗೆ ಕಲಿಸಿಕೊಟ್ಟ. ಕರುಣ್ ನಾಯರ್ ಬ್ಯಾಟ್ ಮಾಡುತ್ತಿದ್ದರು. ಎರಡು ಋತುಗಳ ಕಾಲ ವಿದರ್ಭದ ಪರ ಆಡಿ ಈ ವರ್ಷವಷ್ಟೇ ತವರು ತಂಡಕ್ಕೆ ಮರಳಿದ್ದರು. ಗೋವಾದ ಪರ ಚೆಂಡು ಎಸೆಯುತ್ತಿದ್ದವರಲ್ಲಿ ನಿನ್ನೆ ಮೊನ್ನೆಯವರೆಗೆ ಕರ್ನಾಟಕಕ್ಕೆ ಆಡಿದ್ದ ವಾಸುಕಿ ಕೌಶಿಕ್ ಇದ್ದರು. ಒಬ್ಬರು ಮನೆಗೆ ಮರಳಿದವರು, ಇನ್ನೊಬ್ಬರು ಮನೆ ಬದಲಿಸಿದವರು, ಇಬ್ಬರೂ ಇಪ್ಪತ್ತೆರಡು ಗಜದ ಅಂತರದಲ್ಲಿ ಎದುರುಬದುರು. ಕ್ರಿಕೆಟ್ಟಿನ ಗಂಧವಿಲ್ಲದ ಅಮ್ಮ ಛತ್ರಿಯ ನೆರಳಿನಲ್ಲಿ ಕುಳಿತು, ಯಾರು ನಮ್ಮವರು ಯಾರು ಅವರವರು ಎಂದು ಕೇಳಿದಾಗ ಮಗ ಇದನ್ನೇ ವಿವರಿಸಿದ. "ಹೊಟ್ಟೆಪಾಡು ಕರೆದ ಕಡೆ ಹೋಗಲೇಬೇಕಲ್ಲ" ಎಂದು ಅಮ್ಮ ಕೌಶಿಕರ ಓವರನ್ನು ಗಮನವಿಟ್ಟು ನೋಡಿದರು.

ಸಂಜೆ ಭದ್ರಾವತಿಗೆ ಹೋದೆವು. ದಾರಿ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದವರು. 1923ರಲ್ಲಿ ಕುಲುಮೆ ಹೊತ್ತಿದ ಆ ಕಾರ್ಖಾನೆಯ ಸುತ್ತಲೇ ಊರು ಬೆಳೆದದ್ದು, ಬೆಂಕಿಪುರ ಎಂಬ ಹಳೆಯ ಹೆಸರಿಗೆ ಹೊಸದೊಂದು ಅರ್ಥ ಬಂದದ್ದು. ಮಗನಿಗೆ ಅವರು ಹೇಳಿದ್ದು ಕುಲುಮೆಯ ಕಥೆಯಲ್ಲ, ವಿಶ್ವನಾಥರ ಕಥೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಇದೇ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ದಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ರೇಡಿಯೋದ ಸುತ್ತ ಜನ ನಿಂತಿದ್ದನ್ನು ತಮಗಿಂತ ಹಿರಿಯರಿಂದ ಕೇಳಿದ್ದನ್ನು, ತಾವೇ ಅಲ್ಲಿದ್ದವರಂತೆ ಚಿಕ್ಕಪ್ಪ ಹೇಳಿದರು.

ಚಿಕ್ಕಮ್ಮನ ಪಾಲಿಗೆ ಬಂದಿರುವುದು ಬಚ್ಚಲುಮನೆಯ ತಾಮ್ರದ ಹಂಡೆ. ಕಾರ್ಖಾನೆಯ ವಸತಿಗೃಹದಲ್ಲಿ ಅದನ್ನು ಕೂರಿಸುವಂಥ ಒಲೆ ಎಂದೂ ಇರಲಿಲ್ಲ, ಈಗಿರುವ ಸ್ವಂತ ಮನೆಯಲ್ಲಿ ಗೀಸರ್ ಇದೆ. ಆದರೂ ಅರವತ್ತು ವರ್ಷದಿಂದ ಆ ಹಂಡೆ ಅವರ ಜೊತೆ ಮೂರು ಮನೆ ಬದಲಿಸಿದೆ, ಪ್ರತಿ ನರಕಚತುರ್ದಶಿಯ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತೊಳೆಸಿಕೊಂಡು, ಕೊರಳಿಗೆ ಮಾಲೆ ಹಾಕಿಸಿಕೊಂಡು, ನೀರು ತುಂಬಿಸಿಕೊಂಡಿದೆ. ನಾವು ಹೋದಾಗಲೂ ಹಬ್ಬದ ಚೆಂಡುಹೂವಿನ ಮಾಲೆ ಅದರ ಕಂಠದಲ್ಲಿ ಬಾಡಿ ನಿಂತಿತ್ತು. ಒಂದು ಪಕ್ಕದಲ್ಲಿ ಮಗುವಿನ ಮುಷ್ಟಿಯಷ್ಟು ಆಳದ ನೆಗ್ಗಿದ ಗುಳಿಯಿದೆ. ಲಾರಿಗೆ ಏರಿಸುವಾಗ ಬಿದ್ದು ಆದದ್ದು ಎಂದು ಚಿಕ್ಕಮ್ಮ, ಅದಕ್ಕೂ ಮೊದಲೇ ತಾನು ಬಾವಿಕಟ್ಟೆಯಿಂದ ಉರುಳಿಸಿ ಪೆಟ್ಟು ತಿಂದದ್ದು ಎಂದು ಅಮ್ಮ. ಮಗಳು ನೋಟ್‌ಬುಕ್ಕಿನ ಆಯತದ ಹಿಂಬದಿಯಲ್ಲಿ ಒಂದು ಪುಟ್ಟ ಚೌಕ ಸೇರಿಸಿ ಬಚ್ಚಲು ಎಂದು ಬರೆದುಕೊಂಡಳು. ಮರುದಿನ ಬೆಳಿಗ್ಗೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ತಡಮಾಡದೆ ಶಿಕಾರಿಪುರದ ದಾರಿ ಹಿಡಿದೆವು.

ಆ ತಾಲ್ಲೂಕಿನ ಹೆಸರು ಹೇಳಿದರೆ ನನ್ನ ಯಜಮಾನರಿಗೆ ಮೊದಲು ನೆನಪಾಗುವುದು ಈಸೂರು. 1942ರ ಚಳವಳಿಯಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ತಮ್ಮದೇ ಸರ್ಕಾರ ಸಾರಿದ ಹಳ್ಳಿ. ಅದಕ್ಕಾಗಿ ಐವರು 1943ರಲ್ಲಿ ನೇಣುಗಂಬ ಏರಿದರು. ಆ ಮಾತಿನಲ್ಲಿ ಊರು ಎಂಬ ಶಬ್ದಕ್ಕಿರುವ ತೂಕವನ್ನು ಅವರು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದಾಗ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ್ದರು.

ನನ್ನ ದೊಡ್ಡ ಸೋದರಮಾವನನ್ನು ಮುಳುಗಡೆಯ ಕಾಲದಲ್ಲಿ ಸಂಸಾರ ಸಮೇತ ತಂದು ಇಳಿಸಿದ್ದು ಶಿಕಾರಿಪುರ ತಾಲ್ಲೂಕಿನ ಒಂದು ಕಾಡಂಚಿನಲ್ಲಿ. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಭಾವ, ಅಂದರೆ ಅವರ ಮಗ, ಮೆಕ್ಕೆಜೋಳ, ಭತ್ತ, ಈಚೆಗೆ ಅಡಿಕೆ ಬೆಳೆಯುತ್ತಾರೆ. ನೀರಾವರಿಗೂ ನೆರಳಿಗೂ ಕೊರತೆಯಿಲ್ಲ. ಇಲ್ಲದಿರುವುದು ಹಕ್ಕುಪತ್ರ. ತಂದೆ ಕಚೇರಿಗೆ ಅಲೆದ ಕಾಗದಗಳ ಕಟ್ಟನ್ನು ಮಗ ಮುಂದುವರಿಸಿದ್ದಾರೆ. ಸಂತ್ರಸ್ತರು ಎಂದು ಸರ್ಕಾರ ಕರೆಯುವ ಸಾವಿರಾರು ಕುಟುಂಬಗಳ ಪಾಡು ಇದೇ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟವರ ಮೂರನೆಯ ತಲೆಮಾರು ತಾವು ಉಳುವ ನೆಲ ತಮ್ಮದೆಂದು ರುಜುವಾತು ಮಾಡಲು ಇನ್ನೂ ಸರದಿಯಲ್ಲಿ ನಿಂತಿರುವುದು ದೊಡ್ಡ ಅನ್ಯಾಯ, ಇದನ್ನು ನಾನು ಹೇಳದೆ ಮುಂದೆ ಹೋಗಲಾರೆ.

ಭಾವನ ಮನೆಯ ಜಗಲಿಯಲ್ಲಿ ಅಜ್ಜನ ಮನೆಯ ಕಂಬಗಳಿವೆ. ಒಟ್ಟು ನಾಲ್ಕು, ಹಲಸಿನ ಮರದವು, ಬುಡದಲ್ಲಿ ಚೌಕ, ನಡುವೆ ಎಂಟು ಮೂಲೆ, ನೆತ್ತಿಯಲ್ಲಿ ಕಮಲದ ಎಸಳು. ಎಣ್ಣೆ ತಲೆಗಳು ಒರಗಿ ಒರಗಿ ಒಂದು ಎತ್ತರದಲ್ಲಿ ಮರ ಕಪ್ಪಾಗಿ ಮಿರುಗುತ್ತದೆ. ಅಮ್ಮ ಎರಡನೆಯ ಕಂಬದ ಹತ್ತಿರ ಹೋಗಿ, ಕನ್ನಡಕ ಏರಿಸಿಕೊಂಡು, ಬುಡದಿಂದ ಮೂರು ಗೇಣು ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದರು. ಅಲ್ಲಿ ಕಬ್ಬಿಣದ ಬಳೆ ಬಡಿದ ತೂತು ಇತ್ತು. ಅಜ್ಜ ಕರು ಕಟ್ಟುತ್ತಿದ್ದ ಬಳೆಯಂತೆ. ಬಳೆ ಹೋಗಿದೆ, ತೂತಿನೊಳಗೆ ಮೊಳೆಯ ತುಕ್ಕು ಉಳಿದಿದೆ. "ಇದು ಬಲಗಡೆಯಿಂದ ಎರಡನೆಯದು, ನೀವು ಎಡಗಡೆ ನಿಲ್ಲಿಸಿದ್ದೀರಿ" ಎಂದು ಅಮ್ಮ ಭಾವನಿಗೆ ಹೇಳಿದಾಗ, ಆ ಮನೆ ಕಟ್ಟುವಾಗ ಹುಟ್ಟಿಯೇ ಇರದ ಭಾವ ತಪ್ಪಿತಸ್ಥರಂತೆ ತಲೆ ತಗ್ಗಿಸಿದರು. ಮಗಳು ಎಡದ ಚುಕ್ಕೆ ಅಳಿಸಿ ಬಲಕ್ಕೆ ಹಾಕಿದಳು.

ಅಂದು ಪಕ್ಕದ ಹಳ್ಳಿಯಲ್ಲಿ ಹೋರಿ ಬೆದರಿಸುವ ಹಬ್ಬ. ದೀಪಾವಳಿಯಿಂದ ಮುಂದೆ ತಿಂಗಳುಗಟ್ಟಲೆ ಶಿಕಾರಿಪುರ, ಸೊರಬ, ಆಚೆ ಹಾವೇರಿಯ ಕಡೆ ಒಂದಲ್ಲ ಒಂದು ಊರಿನಲ್ಲಿ ಇದು ನಡೆಯುತ್ತಲೇ ಇರುತ್ತದೆ. ಭಾವನ ಮಗನ ಹೋರಿಯೂ ಇತ್ತು. ಬೆಳಿಗ್ಗೆಯಿಂದ ಅದಕ್ಕೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೆನ್ನಿಗೆ ಝೂಲ ಹೊದಿಸಿ, ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳ ಹಾರ ಬಿಗಿದು, ಕೊಂಬುಗಳ ನಡುವೆ ಬಲೂನುಗಳ ಗೊಂಚಲು ನಿಲ್ಲಿಸುವ ಕೆಲಸ ನಡೆದಿತ್ತು. ಅದರ ಹೆಸರನ್ನು ಅಂಗಿಯ ಬೆನ್ನಿನ ಮೇಲೆ ಮುದ್ರಿಸಿಕೊಂಡ ಹತ್ತಿಪ್ಪತ್ತು ಹುಡುಗರ ಅಭಿಮಾನಿ ಬಳಗವೇ ಜೊತೆಗಿತ್ತು. ಆಟದ ನಿಯಮ ಸರಳ. ಇಕ್ಕೆಲದಲ್ಲಿ ಬೇಲಿ ಕಟ್ಟಿದ ಅಖಾಡದ ಒಂದು ತುದಿಯಿಂದ ಹೋರಿಯನ್ನು ಬಿಡುತ್ತಾರೆ. ಕೊಬ್ಬರಿ ಕಳೆದುಕೊಳ್ಳದೆ ಅದು ಇನ್ನೊಂದು ತುದಿ ಮುಟ್ಟಿದರೆ ಹೋರಿ ಗೆದ್ದಂತೆ, ನಡುವೆ ನಿಂತ ಯುವಕರು ಅದನ್ನು ತಡೆದು ಕೊಬ್ಬರಿ ಹರಿದುಕೊಂಡರೆ ಅವರು ಗೆದ್ದಂತೆ.

ನಾವು ಒಂದು ಮನೆಯ ತಾರಸಿಯಿಂದ ನೋಡಿದೆವು. ಧ್ವನಿವರ್ಧಕದಲ್ಲಿ ಹೋರಿಯ ಹೆಸರು ಕೇಳುತ್ತಿದ್ದಂತೆ ಶಿಳ್ಳೆ, ಪೀಪಿ, ಹಲಗೆಯ ಸದ್ದು ಒಮ್ಮೆಗೇ ಏರಿ, ಬಿಟ್ಟ ಹೋರಿ ನಮ್ಮೆದುರು ದಾಟಿಹೋಗಲು ಐದು ಸೆಕೆಂಡೂ ಬೇಕಾಗಲಿಲ್ಲವೆಂದರೆ ನಂಬಬೇಕು. ಗುಂಪು ನೀರಿನಂತೆ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ಭಾವನ ಮಗನ ಹೋರಿ ಎರಡು ಸುತ್ತು ಯಾರ ಕೈಗೂ ಸಿಗಲಿಲ್ಲ, ಮೂರನೆಯ ಸುತ್ತಿನಲ್ಲಿ ಒಬ್ಬ ತೆಳ್ಳಗಿನ ಹುಡುಗ ಅದರ ಕೊರಳಿಗೆ ಜೋತುಬಿದ್ದು ಹತ್ತು ಮಾರು ಎಳೆಸಿಕೊಂಡು ಹೋಗಿ ಹಾರ ಹರಿದ. ಎದ್ದು ನಿಂತಾಗ ಅವನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು, ಬಾಯಿತುಂಬ ನಗುವಿತ್ತು. ನನಗೆ ಸಂತೋಷದಷ್ಟೇ ಭಯವೂ ಆಯಿತು. ಪ್ರತಿ ವರ್ಷ ಈ ಹಬ್ಬದಲ್ಲಿ ಜೀವ ಕಳೆದುಕೊಂಡವರ ಸುದ್ದಿ ಓದುತ್ತೇವೆ, ಹೋರಿಯ ದಾರಿಯಲ್ಲಿದ್ದವರಲ್ಲಿ ಸುಮ್ಮನೆ ನೋಡಲು ಬಂದವರೂ ಇರುತ್ತಾರೆ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಟ್ಟ ರಾಜ್ಯ ಕಾನೂನುಗಳನ್ನು ಎತ್ತಿಹಿಡಿದಾಗ ಇಲ್ಲಿನ ಹಳ್ಳಿಗಳೂ ನಿಟ್ಟುಸಿರು ಬಿಟ್ಟಿದ್ದವು. ಆಟ ಉಳಿಯಬೇಕೆಂಬುದು ನನ್ನ ಮನಸ್ಸು ಕೂಡ. ಆದರೆ ಗಟ್ಟಿ ಬೇಲಿ, ಕಾದು ನಿಂತ ಆಂಬ್ಯುಲೆನ್ಸ್, ಮಕ್ಕಳನ್ನು ಅಖಾಡದೊಳಗೆ ಬಿಡದ ಕಟ್ಟುನಿಟ್ಟು ಇಲ್ಲದ ಕಡೆ ಹಬ್ಬ ಮಾಡಲೇಬಾರದು. ಸಂಜೆ ಹೋರಿ ಕೊಟ್ಟಿಗೆಗೆ ಮರಳಿದಾಗ ಭಾವನ ಹೆಂಡತಿ ಅದರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ದೃಷ್ಟಿ ತೆಗೆದರು. ಸೋತ ಮಗನನ್ನು ಸಮಾಧಾನಪಡಿಸುವ ಧಾಟಿಯಲ್ಲೇ ಅದರ ಜೊತೆ ಮಾತಾಡುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಮಗ ಫೋನು ನೋಡಿ ಕೂಗಿಕೊಂಡ. ಕರ್ನಾಟಕ 371ಕ್ಕೆ ಆಲೌಟ್, ಅದರಲ್ಲಿ ಕರುಣ್ ನಾಯರ್ ಔಟಾಗದೆ 174. "ನಿನ್ನೆ ನಾವು ನೋಡಿದ್ದು ಅದರ ಬುನಾದಿ" ಎಂದು ಅವನು ಊರಿನ ಹುಡುಗರಿಗೆಲ್ಲ ಹೇಳಿದ. ಅವರಿಗೆ ಹೋರಿಯ ಹೊರತು ಬೇರೆ ಮಾತು ರುಚಿಸಲಿಲ್ಲ.

ಸೋಮವಾರ ಶಿರಾಳಕೊಪ್ಪದ ಮೇಲೆ ಹೋಗುವಾಗ ತಾಳಗುಂದದಲ್ಲಿ ಇಳಿದೆವು. ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಕೆತ್ತಿದೆ. ಈ ಊರಿನ ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದದ್ದು ಎಲ್ಲ ಗೊತ್ತಾಗುವುದು ಈ ಕಲ್ಲಿನಿಂದಲೇ. ಮಗ ಆ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ಓದಿದ್ದ, ಕಲ್ಲನ್ನು ಕಂಡಿರಲಿಲ್ಲ. ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಗುಡಿಯನ್ನು ಒಂದು ಸುತ್ತು ಹಾಕಿದೆವು. ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿದ ದಾಸೋಜ ಮತ್ತು ಅವನ ಮಗ ಚಾವಣ ಈ ಊರಿನವರು, ಉಳಿಯೊಂದಿಗೆ ಊರಿನ ಹೆಸರನ್ನೂ ಅಷ್ಟು ದೂರ ಒಯ್ದವರು. ಅಲ್ಲಿ ಇನ್ನೂ ಹೊತ್ತು ಕಳೆಯಬೇಕಿತ್ತು, ಆದರೆ ಹೆದ್ದಾರಿಯ ಪಕ್ಕದಲ್ಲಿ ಟೈರು ಪಂಕ್ಚರಾಗಿ ಒಂದೂವರೆ ಗಂಟೆ ನಷ್ಟವಾಗಿದ್ದರಿಂದ ಸೊರಬದಲ್ಲಿ ನಿಲ್ಲದೆ ಕೆಳದಿ ಸೇರಿದೆವು.

ಕೆಳದಿಯ ರಾಮೇಶ್ವರ ದೇವಸ್ಥಾನದ ಸಮುಚ್ಚಯದಲ್ಲಿ ತಲೆಯೆತ್ತಿ ನೋಡಿದರೆ ಮಾಳಿಗೆಯಲ್ಲಿ ಗಂಡಭೇರುಂಡವಿದೆ. ಇಡೀ ಅರಸೊತ್ತಿಗೆ ಶುರುವಾದದ್ದು ಈ ಚಿಕ್ಕ ಊರಿನಿಂದ, 1500ರ ಆಸುಪಾಸಿನಲ್ಲಿ, ಚೌಡಪ್ಪ ನಾಯಕನಿಂದ. ಮುಂದೆ ರಾಜಧಾನಿ ಹತ್ತಿರದ ಇಕ್ಕೇರಿಗೆ ಹೋಯಿತು, ಅಲ್ಲಿಂದ ಘಟ್ಟದ ಅಂಚಿನ ಬಿದನೂರಿಗೆ. ಶಿವಪ್ಪ ನಾಯಕ ಭೂಮಿಯನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ ಶಿಸ್ತು ಆ ಬಿದನೂರಿನ ಕಾಲದ್ದು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದರೂ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟದ್ದೂ ಅಲ್ಲಿಂದಲೇ. ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ, ಅರಸರಿಗೂ ಮನೆ ಬದಲಿಸುವುದು ತಪ್ಪಲಿಲ್ಲವೆಂದು ಹೇಳಿ ಗುಡಿಯ ಮೆಟ್ಟಿಲಿಳಿದರು.

ಸಾಗರದಲ್ಲಿರುವುದು ಕಿರಿಯ ಸೋದರಮಾವ, ಎಪ್ಪತ್ತಾರರ ಹಿರಿಯರು. ಅವರ ಮನೆಯ ಹೆಬ್ಬಾಗಿಲೇ ಅಜ್ಜನ ಮನೆಯ ಹೆಬ್ಬಾಗಿಲು. ಸಿಮೆಂಟಿನ ಗೋಡೆಗೆ ಅದನ್ನು ಕೂರಿಸುವಾಗ ಗಾರೆಯವರು ಹೊಸ ಅಳತೆಗೆ ಕತ್ತರಿಸೋಣ ಎಂದಿದ್ದರಂತೆ, ಮಾವ ಬಾಗಿಲನ್ನು ಕತ್ತರಿಸಗೊಡದೆ ಗೋಡೆಯ ಅಳತೆಯನ್ನೇ ಬದಲಾಯಿಸಿದರಂತೆ. ಹಾಗಾಗಿ ಆ ಬೀದಿಯಲ್ಲಿ ಅವರದೊಂದೇ ಮನೆಗೆ ತಲೆ ಬಗ್ಗಿಸಿ ಒಳಹೋಗಬೇಕು. ಬಾಗಿಲವಾಡದ ಮೇಲೆ ಗಜಲಕ್ಷ್ಮಿ, ಇಕ್ಕೆಲದಲ್ಲಿ ಬಳ್ಳಿ. ಕೆಳಗಿನ ಹೊಸ್ತಿಲು ಮಾತ್ರ ಹೊಸದು, ಹಳೆಯ ಹೊಸ್ತಿಲನ್ನು ಅಜ್ಜಿ ತರಗೊಡಲಿಲ್ಲ. ಮನೆಯನ್ನು ಪೂರ್ತಿ ಬರಿದು ಮಾಡಬಾರದು, ಹೊಸ್ತಿಲಾದರೂ ಅಲ್ಲೇ ಇರಲಿ ಎಂದು ಅರಿಸಿನ ಕುಂಕುಮ ಹಚ್ಚಿ ಬಿಟ್ಟುಬಂದರಂತೆ. ಈ ಮಾತನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಂದು.

ಒಳಗೆ ನಡುಮನೆಯ ಗೋಡೆಗೆ ಭೂಮಿ ಹುಣ್ಣಿಮೆಯ ಬುಟ್ಟಿ ತೂಗುಹಾಕಿತ್ತು. ಆ ತಿಂಗಳ ಆರಂಭದಲ್ಲಿ, ತೆನೆ ತುಂಬಿದ ಗದ್ದೆಗೆ ಬಯಕೆಯ ಊಟ ಬಡಿಸಲು ಒಯ್ದ ಬುಟ್ಟಿ. ಬಿದಿರಿನ ಹೆಣಿಗೆಗೆ ಸಗಣಿ, ಕೆಮ್ಮಣ್ಣು ಮೆತ್ತಿ, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿನಾರಿನ ಒಂದು ತುದಿ ಜಜ್ಜಿದ್ದು, ಅಷ್ಟೇ. ಅತ್ತೆ ಮಗಳಿಗೆ ಅದನ್ನು ಹಿಡಿಯುವುದು ಹೇಗೆಂದು ತೋರಿಸಿದರು. ಗೆರೆ ಎಳೆಯುವಾಗ ಉಸಿರು ಬಿಡಬಾರದು, ಗೆರೆ ಮುಗಿದ ಮೇಲೆ ಬಿಡಬೇಕು. ಬುಟ್ಟಿಯ ಅಂಚಿನುದ್ದಕ್ಕೂ ಗೆರೆಗಳು ಒಂದಕ್ಕೊಂದು ಅಡ್ಡ ಹಾಯುತ್ತ, ಎಲ್ಲಿಯೂ ಕೂದಲೆಳೆಯಷ್ಟೂ ಅಗಲ ಬದಲಿಸದೆ ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದು ಸೇರಿದ್ದವು. ಎಪ್ಪತ್ತು ದಾಟಿದ ಅತ್ತೆಯ ಕೈ ಲೋಟ ಹಿಡಿದರೆ ನಡುಗುತ್ತದೆ, ಪುಂಡಿನಾರು ಹಿಡಿದರೆ ನಡುಗುವುದಿಲ್ಲ.

ಮರುದಿನ ಇಕ್ಕೇರಿ. ಅಘೋರೇಶ್ವರ ದೇವಾಲಯದ ದೊಡ್ಡ ಅಂಗಳಕ್ಕೆ ಬೆಳಗಿನ ಮಂಜು ಇನ್ನೂ ಹರಡಿತ್ತು. ಗರ್ಭಗುಡಿಯ ಬಹುಭಾಗವನ್ನು ತುಂಬಿರುವ ಅಗಾಧ ಪೀಠ, ಅದರ ಸುತ್ತ ಕುಳಿತ ಮೂವತ್ತೆರಡು ದೇವಿಯರು. ನೆಲಹಾಸಿನ ಮೇಲೆ ನಾಯಕರು ತಮ್ಮನ್ನೇ ಸಾಷ್ಟಾಂಗ ಬಿದ್ದ ಭಂಗಿಯಲ್ಲಿ ಕೆತ್ತಿಸಿಕೊಂಡಿದ್ದಾರೆ, ಬರುವ ಭಕ್ತರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆ 1623ರಲ್ಲಿ ಬಂದಾಗ ಇದು ತುಂಬಿದ ರಾಜಧಾನಿಯಾಗಿತ್ತು. ಈಗ ಗುಡಿ, ಸುತ್ತ ಮರಗಳು, ಒಂದಷ್ಟು ಮನೆ. ಆದರೆ ಯಜಮಾನರು ಇಲ್ಲಿ ಹೇಳಿದ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ರಾಜಧಾನಿಯ ಜೊತೆ ಟಂಕಸಾಲೆಯೂ ಬಿದನೂರಿಗೆ ಹೋದ ಮೇಲೆ ಅಲ್ಲಿ ಅಚ್ಚಾದ ಹೊನ್ನನ್ನೂ ಜನ ಇಕ್ಕೇರಿ ವರಹವೆಂದೇ ಕರೆದರು. ಸಾಗರದ ಮಾವ ಇಂದಿಗೂ ತಮ್ಮ ಹೆಸರಿನ ಹಿಂದೆ ಬರೆದುಕೊಳ್ಳುವ ಮೊದಲಕ್ಷರ ನೀರಿನಡಿಯ ಊರಿನದು. ಭಾವನ ಕಾಗದಗಳ ಕಟ್ಟಿನಲ್ಲೂ ಅದೇ ಅಕ್ಷರವಿದೆ.

ಮಧ್ಯಾಹ್ನದ ಹೊತ್ತಿಗೆ ಹೊಳೆಬಾಗಿಲಿಗೆ ಬಂದೆವು. ಈಚೆ ಅಂಬಾರಗೋಡ್ಲು, ಆಚೆ ಕಳಸವಳ್ಳಿ. ನಾನು ಚಿಕ್ಕವಳಿದ್ದಾಗಿನಿಂದ ಇಲ್ಲಿಗೆ ಬಂದರೆ ಲಾಂಚಿಗೆ ಕಾಯುವುದೇ ಅರ್ಧ ಪ್ರಯಾಣ. ಬಸ್ಸು, ಕಾರು, ಬೈಕು, ಹಾಲಿನ ಕ್ಯಾನು, ಬಸುರಿ, ಬಾಣಂತಿ ಎಲ್ಲರೂ ಅದರ ಮೇಲೇ ದಾಟಬೇಕಿತ್ತು, ಸಂಜೆ ಕೊನೆಯ ಲಾಂಚು ಹೋದರೆ ಕರೂರು ಸೀಮೆಯವರ ಪಾಲಿಗೆ ಸಾಗರ ಪಟ್ಟಣ ಇಲ್ಲವಾಗುತ್ತಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್, ನಡುವಿನ ಭಾಗ ಹಗ್ಗಗಳಲ್ಲಿ ತೂಗಿದಂತಿದೆ. ನಾಲ್ಕು ನಿಮಿಷದಲ್ಲಿ ದಾಟಬಹುದಾದ ಸೇತುವೆಯನ್ನು ನಾವು ಬಹಳ ನಿಧಾನವಾಗಿ ದಾಟಿದೆವು. ಮುಂಗಾರು ತುಂಬಿಸಿಹೋದ ಹಿನ್ನೀರು ಎರಡೂ ಬದಿಯಲ್ಲಿ ಗುಡ್ಡಗಳ ಸೊಂಟದವರೆಗೆ ನಿಂತಿತ್ತು. ಲಿಂಗನಮಕ್ಕಿಯ ತುಂಬು ಮಟ್ಟ 1819 ಅಡಿ ಎಂಬ ಅಂಕಿ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಬರುತ್ತದೆ. ನೀರು ಬಹಳ ಇಳಿದ ಬೇಸಿಗೆಗಳಲ್ಲಿ, ಲಿಂಗನಮಕ್ಕಿಗೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಅಕ್ಟೋಬರಿನಲ್ಲಿ ಅದೂ ಇಲ್ಲ. ಅಮ್ಮ ಎಡಗಡೆಗೆ ಕೈ ಮಾಡಿ, "ಆ ಎರಡು ಗುಡ್ಡದ ಸಂದಿನಿಂದ ಹೊಳೆ ತಿರುಗುತ್ತಿತ್ತು, ತಿರುಗಿದ ಕೂಡಲೇ ನಮ್ಮ ಗದ್ದೆ" ಎಂದರು. ನನಗೆ ಕಂಡದ್ದು ನೀರಿನ ಮೇಲಿನ ಬಿಸಿಲು.

ದೊಡ್ಡಮ್ಮ ತುಮರಿಯ ಆಚೆ ಒಂದು ತೋಟದ ಮನೆಯಲ್ಲಿದ್ದಾರೆ. ಮುಳುಗಡೆಯ ವರ್ಷವೇ ಮದುವೆಯಾಗಿ ಈ ಸೀಮೆಗೆ ಬಂದವರು, ಗಂಡನ ಮನೆ ಎತ್ತರದಲ್ಲಿದ್ದುದರಿಂದ ಮುಳುಗಲಿಲ್ಲ, ಆದರೆ ತವರಿಗೂ ಅವರಿಗೂ ನಡುವೆ ನೀರು ನಿಂತಿತು. ಹೆರಿಗೆಯ ನೋವಿನಲ್ಲಿ ರಾತ್ರಿಯಿಡೀ ದಡದಲ್ಲಿ ಕಾದವರ ಕಥೆಗಳು ಆ ಸೀಮೆಯ ಪ್ರತಿ ಮನೆಯಲ್ಲೂ ಇವೆ, ಅವರ ಮನೆಯಲ್ಲೂ ಇದೆ. ಎಂಬತ್ತರ ಆಕೆ ಸೇತುವೆಯಾದ ಮೇಲೆ ಎರಡು ಸಲ ಸಾಗರದ ಆಸ್ಪತ್ರೆಗೆ ಹೋಗಿ ಸಂಜೆಯೊಳಗೆ ಮನೆಗೆ ಮರಳಿದ್ದನ್ನು ಹಬ್ಬದ ಸುದ್ದಿಯಂತೆ ಹೇಳಿದರು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಬಹಳ ಹೊತ್ತು ಮಾತಿಲ್ಲದೆ ಕೂತರು, ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಬಾಳೆಲೆಯ ಮೇಲೆ ಕೆಸುವಿನ ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ ಹಾಕಿದ ಬಿಸಿ ಅನ್ನ ಬಂದವು.

ಊಟದ ನಂತರ ಮಗಳು ನೋಟ್‌ಬುಕ್ಕನ್ನು ಜಗಲಿಯ ಮೇಲೆ ಬಿಡಿಸಿಟ್ಟಳು. ಮುಂದೆ ನಾಲ್ಕು ಚುಕ್ಕೆಯ ಜಗಲಿ, ಹೆಬ್ಬಾಗಿಲು, ನಡುಮನೆ, ಹಿಂದೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ. ಅಡುಗೆಮನೆ ಮಾತ್ರ ಖಾಲಿ ಇತ್ತು. ಅದರ ವಸ್ತು ಯಾರ ಮನೆಯಲ್ಲೂ ಸಿಕ್ಕಿರಲಿಲ್ಲ. ದೊಡ್ಡಮ್ಮ ಪೆನ್ಸಿಲು ಹಿಡಿಯಲಿಲ್ಲ, ಬೆರಳಿಟ್ಟು ತೋರಿಸಿದರು. ಒಲೆ ಇಲ್ಲಿ, ಮೇಲೆ ಅಟ್ಟ, ಅಟ್ಟದಲ್ಲಿ ಹೊಗೆಗೆ ಒಣಗಿದ ವಾಟೆಹುಳಿ, ಒರಳು ಈ ಮೂಲೆಗೆ, ಬೆಕ್ಕು ಮಲಗುವುದು ಒರಳಿನ ಹಿಂದೆ. ಮಗಳು ಬೆಕ್ಕನ್ನೂ ಬರೆದಳು. ಹಿತ್ತಿಲ ಬಾಗಿಲು ಪೂರ್ವಕ್ಕೆ ಎಂದು ದೊಡ್ಡಮ್ಮ ಹೇಳಿದ್ದೇ ತಡ ಅಮ್ಮ ಒಪ್ಪಲಿಲ್ಲ. ಬೆಳಗಿನ ಬಿಸಿಲು ಅಡುಗೆಮನೆಗೆ ಬೀಳುತ್ತಿರಲಿಲ್ಲ, ಬಾಗಿಲು ಉತ್ತರಕ್ಕೇ, ತಾನು ಅಲ್ಲಿಂದ ಹೊಳೆ ನೋಡುತ್ತಿದ್ದೆ ಎಂದರು. ಹೊಳೆ ಕಾಣುತ್ತಿದ್ದುದು ಕಿಟಕಿಯಿಂದ, ಬಾಗಿಲಿನಿಂದಲ್ಲ ಎಂದು ದೊಡ್ಡಮ್ಮ. ಸಾಗರದ ಮಾವನಿಗೆ ಫೋನು ಮಾಡಿದರೆ ಹಿತ್ತಿಲ ಬಾಗಿಲೇ ಎರಡಿದ್ದವಲ್ಲ ಎಂದುಬಿಟ್ಟರು.

ಅಷ್ಟರಲ್ಲಿ ಮಗ ಪಂದ್ಯ ಡ್ರಾ ಆಯಿತೆಂಬ ಸುದ್ದಿ ತಂದ. ಮೋಡ ಕವಿಯುತ್ತಿತ್ತು, ನಗರದ ಕೋಟೆಯನ್ನೂ ಬೆಳಕಿರುವಾಗಲೇ ನೋಡಬೇಕಿತ್ತು. 1763ರಲ್ಲಿ ಹೈದರಾಲಿಯ ಕೈಸೇರಿ ಹೈದರನಗರವಾಗಿ, ಮುಂದೆ ಬರೀ ನಗರವಾಗಿ ಉಳಿದ ಬಿದನೂರು ಅದು. ನಾವು ತಲುಪುವಷ್ಟರಲ್ಲಿ ಮಳೆ ಸುರಿಯತೊಡಗಿದ್ದರಿಂದ ಕೋಟೆಯ ಬಾಗಿಲವರೆಗೆ ಹೋಗಿ ಮರಳಿದೆವು. ಹೊಸನಗರ ದಾಟುವಾಗ ಮಕ್ಕಳಿಬ್ಬರಿಗೂ ನಿದ್ದೆ. ಮಗಳ ತೊಡೆಯ ಮೇಲಿನ ನೋಟ್‌ಬುಕ್ಕನ್ನು ತೆಗೆದು ಅಮ್ಮ ಕಾರಿನ ದೀಪ ಹಾಕಲು ಹೇಳಿದರು. ಪೂರ್ವಕ್ಕೊಂದು, ಉತ್ತರಕ್ಕೊಂದು, ಎರಡು ಬಾಗಿಲನ್ನೂ ಅವಳು ಬರೆದಿದ್ದಳು, ಪೂರ್ವದ್ದನ್ನು ಚುಕ್ಕೆಗೆರೆಯಲ್ಲಿ. ಅಮ್ಮ ಅದನ್ನು ರಿಪ್ಪನ್‌ಪೇಟೆಯವರೆಗೂ ನೋಡುತ್ತ ಕೂತಿದ್ದರು.